ಗೊತ್ತಿರೋರಾದ್ರೆ ಏನ್ ಮಾಡೋದು, ಮೇಡಂ?

ಓಬವ್ವ ಜಯಂತಿ ಆದಮೇಲಿನ ಮೊದಲ ಶನಿವಾರ ನಮ್ಮ ಕಾಲೇಜಿನಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆ ತರಬೇತಿ ಶುರು ಮಾಡಿದೆವು. ಒಟ್ಟು 12 ಶನಿವಾರ, ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ. ಮಹಿಳಾ ಘಟಕ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ಹಾಜರಿ ಬರೆದುಕೊಳ್ಳೋದು, ಬೆಂಚು ಪಕ್ಕಕ್ಕೆ ಸರಿಸೋದು, ಕಿಟಕಿ ಹತ್ತಿರ ಇಣುಕುವ ಹುಡುಗರನ್ನು ಕಳಿಸೋದು ಎಲ್ಲ ನನ್ನ ಕೆಲಸ. 38 ಹುಡುಗಿಯರು ಹೆಸರು ಕೊಟ್ಟಿದ್ದರು. ಮೊದಲ ದಿನ ಬಳೆ ಬಿಚ್ಚಿ ಮೇಜಿನ ಮೇಲೆ ಇಡಿ ಅಂದಾಗ ಸಾಲಾಗಿ ಬಂದು ಇಟ್ಟರು. ಗಾಜಿನ ಬಳೆ, ಪ್ಲಾಸ್ಟಿಕ್ ಬಳೆ, ಒಂದು ತಾಯಿತದ ದಾರ. ಅದನ್ನೆಲ್ಲ ಕಾಯುತ್ತಾ ನಾನು ಒಂದು ಮೂಲೆಯಲ್ಲಿ ಕೂತಿರುತ್ತಿದ್ದೆ.

ಮೂರನೇ ಶನಿವಾರ ಕರಾಟೆ ಮೇಷ್ಟ್ರು ಹಿಂದಿನಿಂದ ಬಂದು ಹಿಡಿದುಕೊಂಡರೆ ಹೇಗೆ ಬಿಡಿಸಿಕೊಳ್ಳಬೇಕು ಅಂತ ತೋರಿಸುತ್ತಿದ್ದರು. "ಕತ್ತಲಲ್ಲಿ ಒಬ್ಬಳೇ ಬರ್ತಿದೀಯ. ಯಾರೋ ಗೊತ್ತಿಲ್ದೋನು ಹಿಂದಿನಿಂದ ಬಂದ ಅಂತಿಟ್ಕೋ" ಅಂತ ಶುರು ಮಾಡಿದರು. ಆಗ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು: "ಸರ್, ಗೊತ್ತಿರೋರಾದ್ರೆ?" ಒಂದಿಬ್ಬರು ನಕ್ಕರು. ಮೇಷ್ಟ್ರು ಒಳ್ಳೆಯವರು, ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. "ಯಾರಾದ್ರೂ ಅಷ್ಟೇ ಕಣಮ್ಮ, ಟೆಕ್ನಿಕ್ ಒಂದೇ" ಅಂದರು. ಅವಳು ತಲೆ ಆಡಿಸಿದಳು. ಆಮೇಲೆ ಕತ್ತು ತಿರುಗಿಸಿ ನನ್ನ ಕಡೆ ನೋಡಿದಳು. "ಗೊತ್ತಿರೋರಾದ್ರೆ ಏನ್ ಮಾಡೋದು, ಮೇಡಂ?"

ನಾನು "ಆಮೇಲೆ ಮಾತಾಡೋಣ" ಅಂದೆ.

ಆ ಮಾತು ಬಾಯಿಂದ ಹೊರಗೆ ಬಂದ ಕ್ಷಣವೇ ನನಗೆ ಗೊತ್ತಾಯಿತು, ತಪ್ಪು ಮಾಡಿದೆ ಅಂತ. ಹುಡುಗಿ ಇಂಥ ಪ್ರಶ್ನೆಯನ್ನು ಸುಮ್ನೆ ಕೇಳಿರುವುದಿಲ್ಲ. ಎಷ್ಟೋ ದಿನ ಮನಸ್ಸಿನಲ್ಲಿ ಇಟ್ಟುಕೊಂಡು, ಧೈರ್ಯ ತಂದುಕೊಂಡು, 38 ಜನರ ಮುಂದೆ ಕೇಳಿರುತ್ತಾಳೆ. ಅವತ್ತು ಬಸ್ಸಿನ ಹೊತ್ತಾಯಿತು ಅಂತ ಎಲ್ಲರೂ ಓಡಿದರು. ಅವಳೂ ಹೋದಳು. ಅವಳ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂತು. (ಅವಳ ಬಗ್ಗೆ ಇಲ್ಲಿ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ. ಗುರುತು ಸಿಗುವಂಥದ್ದು ಏನೂ ಇರಬಾರದು.)

ಸೇವಂತಿಗೆ ಹಾರ

ಅವಳಿಗೆ ಉತ್ತರ ಹೇಳದೆ ಹೋದದ್ದಕ್ಕೆ ಕಾರಣ ಹುಡುಕುತ್ತಾ ಹೋದರೆ ನಾನು ಹೋಗಿ ನಿಲ್ಲೋದು 1998ರ ಒಂದು ಬಸ್ಸಿನಲ್ಲಿ. ಹೊಳಲ್ಕೆರೆ ಕಡೆಯಿಂದ ಚಿತ್ರದುರ್ಗಕ್ಕೆ ಬರುವ ಬೆಳಗಿನ ಬಸ್ಸು. ನಾನಾಗ ಎರಡನೇ ವರ್ಷದ ಬಿ.ಎ. ಆ ಹೊತ್ತಿನ ಬಸ್ಸು ಹೇಗಿರುತ್ತೆ ಅಂತ ಓದುವವರಿಗೆ ನಾನು ಹೇಳಬೇಕಾಗಿಲ್ಲ. ಕಾಲೇಜಿಗೆ ಹೋಗೋರು, ಕೋರ್ಟಿಗೆ ಹೋಗೋರು, ಮಾರ್ಕೆಟ್ಟಿಗೆ ಹೂವು ತರೋರು, ಎಲ್ಲ ಅದರಲ್ಲೇ. ನಾನು ಮುಂದಿನ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದೆ. ಎದೆಗೆ ಎರಡು ನೋಟ್‌ಬುಕ್ ಒತ್ತಿ ಹಿಡಿದಿದ್ದೆ. ಹಿಂದಿನಿಂದ ಸೊಂಟದ ಮೇಲೆ ಒಂದು ಕೈ ಬಂತು. ಮೊದಲು ರಶ್ಶಿಗೆ ಅಂದುಕೊಂಡೆ. ಬಸ್ಸು ನಿಂತಿತು, ಜನ ಇಳಿದರು, ಜಾಗ ಆಯಿತು. ಕೈ ಹೋಗಲಿಲ್ಲ.

ನಾನು ಏನು ಮಾಡಿದೆ ಅಂದರೆ, ಡ್ರೈವರ್ ತಲೆ ಮೇಲಿನ ದೇವರ ಫೋಟೋ ನೋಡಿದೆ. ಅದಕ್ಕೆ ಹಳದಿ ಸೇವಂತಿಗೆ ಹಾರ ಹಾಕಿದ್ದರು. ಬಸ್ಸು ಗುಂಡಿಗೆ ಇಳಿದಾಗೆಲ್ಲ ಅದು ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ಕೊನೆಯ ಎರಡು ಹೂವು ಬಾಡಿ ಕಂದು ಬಣ್ಣಕ್ಕೆ ತಿರುಗಿದ್ದವು. ಅದೊಂದನ್ನೇ ನೋಡುತ್ತಾ ನಿಂತೆ. ಕೈ ಕಾಲು ನನ್ನವಲ್ಲ ಅನ್ನಿಸುತ್ತಿತ್ತು. ಗಂಟಲು ಕಟ್ಟಿ ಹೋಗಿತ್ತು. ದುರ್ಗ ಇನ್ನೂ ಎರಡು ಸ್ಟಾಪ್ ಇರುವಾಗಲೇ ಇಳಿದುಬಿಟ್ಟೆ. ಇಳಿಯುವಾಗ ತಿರುಗಿ ನೋಡಿದೆ. ನಮ್ಮೂರಿನವರೇ. ಅಪ್ಪನ ಜೊತೆ ಎಷ್ಟೋ ಸಲ ನಮ್ಮ ಜಗಲಿ ಮೇಲೆ ಕೂತು ಕಾಫಿ ಕುಡಿದವರು. ಅವರು ನಗುನಗುತ್ತಾ "ಏನಮ್ಮಾ, ಕಾಲೇಜಾ?" ಅಂದರು.

ನಾನು "ಹೌದು ಮಾವ" ಅಂದೆ.

ಕೈಗಿಂತ ಜಾಸ್ತಿ ನನ್ನನ್ನು ಇಷ್ಟು ವರ್ಷ ಕಾಡಿದ್ದು ಆ "ಹೌದು ಮಾವ". ಅಷ್ಟು ವಿನಯದಿಂದ, ತಲೆ ತಗ್ಗಿಸಿ ಹೇಳಿದ್ದೆ. ಹೊಡೆಯಲಿಲ್ಲ, ಬೈಯಲಿಲ್ಲ, ಕೊನೆಗೆ ಮಾತಾಡದೆ ಮುಖ ತಿರುಗಿಸಿಕೊಂಡಾದರೂ ಹೋಗಬಹುದಿತ್ತಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಹೋದೆ. ಇದನ್ನು ನನ್ನ ಹೇಡಿತನ ಅಂತಲೇ ನಂಬಿಕೊಂಡು ಬಂದೆ. ಮೈ ಹೀಗೆ ಮರಗಟ್ಟುವುದು ನನ್ನೊಬ್ಬಳ ಕಥೆ ಅಲ್ಲ ಅಂತ ಗೊತ್ತಾಗಿದ್ದು ತುಂಬಾ ತಡವಾಗಿ. 2017ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಅತ್ಯಾಚಾರವಾಗಿ ಚಿಕಿತ್ಸೆಗೆ ಬಂದ 298 ಹೆಂಗಸರನ್ನು ಕೇಳಿ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 70 ಮಂದಿ ಆ ಹೊತ್ತಿನಲ್ಲಿ ಮೈ ಕದಲಿಸೋಕೆ ಆಗಲಿಲ್ಲ, ದನಿ ಹೊರಡಲಿಲ್ಲ ಅಂತ ಹೇಳಿದ್ದರು. ಭಯ ಮಿತಿ ಮೀರಿದಾಗ ದೇಹ ತಾನಾಗಿ ಹಾಗೆ ಮಾಡುತ್ತೆ. ನಾವು ಬೇಕು ಅಂತ ಮಾಡೋದಲ್ಲ. ಇದನ್ನು ಓದಿದ ದಿನ ನಾನು ಸ್ಟಾಫ್ ರೂಮಿನಿಂದ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಆ ಸಂಜೆ ಅಮ್ಮನಿಗೆ ಬಸ್ಸಿನ ವಿಷಯ ಹೇಳಿದ್ದೆ. ಯಾರು ಅಂತ ಹೇಳಲಿಲ್ಲ. ಅಮ್ಮ ಕೇಳಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಮಾಂಗಲ್ಯದ ಸರದಲ್ಲಿ ಸಿಕ್ಕಿಸಿಕೊಂಡಿದ್ದ ದೊಡ್ಡ ಪಿನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಇದನ್ನ ಬೆರಳ ಸಂದಿಯಲ್ಲಿ ಹಿಡ್ಕೊಂಡಿರು. ಹತ್ತಿರ ಬಂದ್ರೆ ಚುಚ್ಚು. ಅಪ್ಪಂಗೆ ಹೇಳ್ಬೇಡ, ಕಾಲೇಜು ಬಿಡಿಸ್ತಾರೆ." ನನ್ನ ಮೊದಲ ಆತ್ಮರಕ್ಷಣೆ ತರಬೇತಿ ಅದು. ಎರಡು ನಿಮಿಷದ್ದು. ನನ್ನ ವಯಸ್ಸಿನ ಯಾವ ಹೆಂಗಸನ್ನು ಕೇಳಿದರೂ ಪಿನ್ನಿನ ಕಥೆ ಒಂದು ಇದ್ದೇ ಇರುತ್ತೆ. ಪಿನ್ನಿನ ಜೊತೆಗೆ "ಯಾರಿಗೂ ಹೇಳ್ಬೇಡ" ಅನ್ನೋದೂ ಇರುತ್ತೆ. ಅಮ್ಮನನ್ನು ನಾನು ದೂರುವುದಿಲ್ಲ. ನನ್ನ ಓದು ನಿಲ್ಲದಿರಲಿ ಅಂತ ಅವಳಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಆದರೂ ಪಿನ್ನು ಚುಚ್ಚೋದು ಗೊತ್ತಿಲ್ಲದವನಿಗೆ. ಮಾವನಿಗೆ ಹೇಗೆ ಚುಚ್ಚೋದು?

ಬೇಡ ಅನ್ನೋದು

ಮೇಷ್ಟ್ರು ಕಲಿಸಿದ್ದರ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅದು ನಿಜಕ್ಕೂ ಉಪಯೋಗದ ವಿದ್ಯೆ. ಯಾರಾದರೂ ಮಣಿಕಟ್ಟು ಹಿಡಿದರೆ ನಾವು ಸಾಮಾನ್ಯವಾಗಿ ಹಿಂದಕ್ಕೆ ಜಗ್ಗುತ್ತೇವೆ. ಆಗ ಹಿಡಿತ ಇನ್ನೂ ಬಿಗಿಯಾಗುತ್ತೆ. ಹಿಡಿದವನ ಹೆಬ್ಬೆರಳು ಮತ್ತು ಬೆರಳ ತುದಿ ಸೇರುವ ಕಡೆ ಒಂದು ಸಂದು ಇರುತ್ತೆ. ಹಿಡಿತ ಸಡಿಲ ಇರುವುದು ಅಲ್ಲೇ. ಕೈಯನ್ನು ಆ ಸಂದಿನ ಕಡೆ ತಿರುಗಿಸಿ, ಮೊಣಕೈ ಮಡಿಸಿ, ಒಂದೇ ಸಲಕ್ಕೆ ಎಳೆದರೆ ದೊಡ್ಡ ಆಳಿನ ಹಿಡಿತವೂ ಬಿಟ್ಟುಹೋಗಬಹುದು. 42 ಕೆ.ಜಿ. ತೂಗುವ ನಮ್ಮ ಹುಡುಗಿಯೊಬ್ಬಳು ಮೇಷ್ಟ್ರ ಹಿಡಿತದಿಂದ ಹೀಗೆ ಬಿಡಿಸಿಕೊಂಡಾಗ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಮುಷ್ಟಿ ಕಟ್ಟಿ ಗುದ್ದಬೇಡಿ, ಅಭ್ಯಾಸ ಇಲ್ಲದಿದ್ದರೆ ನಿಮ್ಮ ಬೆರಳೇ ಮುರಿಯುತ್ತೆ, ಅಂಗೈ ಬುಡದಿಂದ ಮೂಗಿಗೆ ಹೊಡೀರಿ ಅಂದರು. ಜುಟ್ಟು ಹಿಡಿದರೆ ಅವನ ಕೈಯನ್ನು ನಿಮ್ಮ ಎರಡೂ ಕೈಯಿಂದ ತಲೆಗೇ ಒತ್ತಿ ಹಿಡಿಯಿರಿ, ನೋವು ಕಡಿಮೆಯಾಗುತ್ತೆ, ಕಾಲಿಗೆ ಕೆಲಸ ಕೊಡೋಕೆ ಹೊತ್ತು ಸಿಗುತ್ತೆ ಅಂದರು. ಪ್ರತಿ ಪಾಠದ ಕೊನೆಗೂ ಒಂದೇ ಮಾತು: "ಗೆಲ್ಲೋಕೆ ನಿಲ್ಬೇಡಿ. ಬಿಡಿಸ್ಕೊಂಡ ತಕ್ಷಣ ಓಡಿ."

ಆದರೆ ಮೊದಲ ದಿನವೇ ಒಂದು ಕಡೆ ಎಲ್ಲರೂ ಸಿಕ್ಕಿಹಾಕಿಕೊಂಡರು. ಕಾಲು ಹಿಂದಿಟ್ಟು, ಎರಡೂ ಅಂಗೈ ಮುಂದೆ ಚಾಚಿ, ಹೊಟ್ಟೆಯಿಂದ ದನಿ ತೆಗೆದು "ಬೇಡ!" ಅಂತ ಕೂಗಬೇಕು. 38 ಹುಡುಗಿಯರು. ಬಂದ ದನಿ ಹಾಲಿನ ಕೊನೆಯ ಕಿಟಕಿವರೆಗೂ ಹೋಗಲಿಲ್ಲ. ಬಾಯಿಗೆ ದುಪಟ್ಟಾ ಅಡ್ಡ ಇಟ್ಟುಕೊಂಡು ನಕ್ಕರು. ಮತ್ತೆ ಮತ್ತೆ ಮಾಡಿಸಿದರು. ಒದೆಯೋಕೆ ಬಂತು, ಗುದ್ದೋಕೆ ಬಂತು, ಕೂಗೋಕೆ ಬರಲಿಲ್ಲ. ಇದೇ ಹುಡುಗಿಯರು ಕ್ರೀಡಾಕೂಟದ ದಿನ ಮೈದಾನ ಹಾರಿಹೋಗುವ ಹಾಗೆ ಕಿರುಚುತ್ತಾರೆ. ದನಿ ಇಲ್ಲ ಅಂತಲ್ಲ. ತಮಗಾಗಿ, ಒಬ್ಬರ ಮುಖ ನೋಡಿಕೊಂಡು ಅದನ್ನು ತೆಗೆದು ಅಭ್ಯಾಸವಿಲ್ಲ. "ಗಟ್ಟಿಯಾಗಿ ಮಾತಾಡ್ಬೇಡ", "ನಗೋದು ಆಚೆಗೆ ಕೇಳಬಾರ್ದು", "ಹೆಣ್ಣುಮಗು ಬಂದಿದ್ದೂ ಗೊತ್ತಾಗಬಾರ್ದು, ಹೋಗಿದ್ದೂ ಗೊತ್ತಾಗಬಾರ್ದು". ಹದಿನೆಂಟು ವರ್ಷ ಮನೆಯಲ್ಲಿ, ಶಾಲೆಯಲ್ಲಿ, ನೆಂಟರ ಮುಂದೆ ಕೊಟ್ಟ ತರಬೇತಿ ಅದು. ಅದರ ಎದುರಿಗೆ ನಮ್ಮ 12 ಶನಿವಾರ ಎಷ್ಟು?

ಕೇಂದ್ರದ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಝಾನ್ಸಿ ರಾಣಿಯ ಹೆಸರಿನಲ್ಲಿ ಮೂರು ತಿಂಗಳ ತರಬೇತಿ ಇದೆ. ನಮ್ಮ ರಾಜ್ಯದ ವಸತಿ ಶಾಲೆ, ಹಾಸ್ಟೆಲ್‌ಗಳಲ್ಲಿ ಓಬವ್ವನ ಹೆಸರಿನಲ್ಲೇ ಕರಾಟೆ ಕಲಿಸುತ್ತಾರೆ. ಇವು ಇರಲೇಬೇಕು, ಇನ್ನೂ ಜಾಸ್ತಿ ಆಗಬೇಕು. ಮೈಯನ್ನು ಮುಚ್ಚಿಕೊಂಡು ಕುಗ್ಗಿ ನಡೆಯುತ್ತಿದ್ದ ಹುಡುಗಿ ಆರನೇ ವಾರಕ್ಕೆ ಭುಜ ಹಿಂದಕ್ಕೆ ಹಾಕಿ ನಡೆಯುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನನಗೆ ನೋವಾಗೋದು ಒಂದೇ ಕಾರಣಕ್ಕೆ. ಪಾಠದಲ್ಲಿ ಬರುವ ಕೇಡಿಗ ಯಾವಾಗಲೂ ಕತ್ತಲಲ್ಲಿ ಬರುವ ಅಪರಿಚಿತ. ದೇಶದ ಅಪರಾಧ ದಾಖಲೆ ಪ್ರತಿ ವರ್ಷ ಹೇಳುವುದೇ ಬೇರೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿ ಗೊತ್ತಿರುವವನೇ: ನೆಂಟ, ನೆರೆಯವ, ಸ್ನೇಹಿತ, ಕೆಲಸದ ಜಾಗದವನು. ಮನೆಯೊಳಗಿನ ಲೆಕ್ಕ ತೆಗೆದರೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಅಂದ ಹೆಂಗಸರು ನಮ್ಮ ಕರ್ನಾಟಕದಲ್ಲಿ ಶೇಕಡಾ 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು 20.6 ಇತ್ತು. ಹಿಂದಿನ ಸಾಲಿನ ಹುಡುಗಿ ಈ ಅಂಕಿಗಳನ್ನು ಓದಿರಲಿಕ್ಕಿಲ್ಲ. ಆದರೂ ಪಾಠದಲ್ಲಿ ಇಲ್ಲದ ಮುಖ್ಯ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಐದನೇ ವಾರ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಊರಲ್ಲೇ ಇದ್ದರೂ ಒನಕೆ ಓಬವ್ವನ ಕಿಂಡಿಯನ್ನು ಹತ್ತಿರದಿಂದ ನೋಡದವರು ನಾಲ್ಕೈದು ಜನ ಇದ್ದರು. ಕಥೆ ಎಲ್ಲರಿಗೂ ಬಾಯಿಪಾಠ. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಇವಳು ನೀರಿಗೆ ಅಂತ ತಣ್ಣೀರು ದೊಣೆಗೆ ಹೋದಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವುದು ಕಂಡಿತು. ಒಬ್ಬೊಬ್ಬರೇ ತೆವಳಿ ಬರಬೇಕಾದಷ್ಟು ಇಕ್ಕಟ್ಟಿನ ಜಾಗ. ಒಬ್ಬಳು ಒಳಗೆ ನುಸುಳಿ ಈ ಕಡೆ ತಲೆ ಹಾಕಿ ನೋಡಿದಳು. ಆಚೆ ನಿಂತವಳು ಒನಕೆ ಎತ್ತಿದ ಹಾಗೆ ಕೈ ಎತ್ತಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಓಬವ್ವನ ಕೈಯಲ್ಲಿದ್ದದ್ದು ದಿನಾ ಭತ್ತ ಕುಟ್ಟುವ ಒನಕೆ, ಕೈಗೆ ಅದರ ತೂಕ ಗೊತ್ತಿತ್ತು. ಅದರ ಜೊತೆ ನನಗೆ ಅವತ್ತು ಅನ್ನಿಸಿದ್ದು ಇನ್ನೊಂದು. ಅವಳ ಶತ್ರು ಕೋಟೆಯ ಹೊರಗಿನಿಂದ ಬಂದ. ಹೊಡೆದದ್ದಕ್ಕೆ ಇಡೀ ಊರು ಅವಳನ್ನು ತಲೆ ಮೇಲೆ ಹೊತ್ತುಕೊಂಡಿತು. ಕೋಟೆಯೊಳಗೆ ಕೂತವನೇ ಆಗಿದ್ದಿದ್ದರೆ ಅವಳ ಕಥೆಯನ್ನು ನಾವು ಯಾವ ಪುಸ್ತಕದಲ್ಲಿ ಓದುತ್ತಿದ್ದೆವು?

ತೆಗಿ, ತೆಗೀರಿ

ಆರನೇ ಶನಿವಾರ ಮೇಷ್ಟ್ರ ಹತ್ತಿರ ಅರ್ಧ ಗಂಟೆ ಕೇಳಿಕೊಂಡೆ. ಅವರೂ ಕೂತು ಕೇಳಿದರು. ಹುಡುಗಿಯರನ್ನು ನೆಲದ ಮೇಲೆ ದುಂಡಗೆ ಕೂರಿಸಿ ಹೇಳಿದೆ: "ಮೂರು ವಾರದ ಹಿಂದೆ ಒಂದು ಪ್ರಶ್ನೆ ಬಂದಿತ್ತು. ನಾನು ಉತ್ತರ ಕೊಡಲಿಲ್ಲ. ಕ್ಷಮಿಸಿ. ಇವತ್ತು ಅದನ್ನೇ ಮಾತಾಡೋಣ." ಯಾರ ಪ್ರಶ್ನೆ ಅಂತ ಹೇಳಲಿಲ್ಲ. ಆಮೇಲೆ ನನ್ನ ಬಸ್ಸಿನ ಕಥೆ ಹೇಳಿದೆ. "ಹೌದು ಮಾವ" ಅಂದಿದ್ದನ್ನೂ ಹೇಳಿದೆ. ಆ ಮಾತನ್ನು ಅಷ್ಟು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ದನಿ ನಡುಗಿತು. ಹುಡುಗಿಯರು ನಗಲಿಲ್ಲ.

"ನೀವು ಆವಾಗ ಏನ್ ಹೇಳ್ಬೇಕಿತ್ತು ಮೇಡಂ?" ಅಂತ ಒಬ್ಬಳು ಕೇಳಿದಳು. "ನೀವೇ ಹೇಳಿ" ಅಂದೆ. "ಕೈ ತೆಗೀರಿ ಅನ್ಬೇಕಿತ್ತು" ಅಂದಳು ಒಬ್ಬಳು. ಪಕ್ಕದವಳು ತಕ್ಷಣ, "ತೆಗೀರಿ ಅಂದ್ರೆ ಬೇಡ್ಕೊಂಡ ಹಾಗೆ ಕೇಳ್ಸುತ್ತೆ. ಕೈ ತೆಗಿ ಅನ್ಬೇಕು" ಅಂದಳು. "ಅಪ್ಪನ ವಯಸ್ಸಿನೋರಿಗೆ ಹೋಗು ಬಾ ಅಂತ ಮಾತಾಡ್ತೀಯಾ?" "ಮೈ ಮುಟ್ಟೋವಾಗ ಅವರಿಗೆ ವಯಸ್ಸು ನೆನಪಿರ್ಲಿಲ್ವಾ?" ಹೀಗೆ ಅರ್ಧ ಗಂಟೆ ಬರೀ ಒಂದು ಕ್ರಿಯಾಪದದ ಮೇಲೆ ಮಾತು ನಡೆಯಿತು. ಇಪ್ಪತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಏಕವಚನ ಬಹುವಚನದ ಬಗ್ಗೆ ಇಷ್ಟು ಜೀವ ಇಟ್ಟು ಯಾರೂ ಮಾತಾಡಿದ್ದನ್ನು ಕೇಳಿಲ್ಲ.

ಆಗ ಯಾವಾಗಲೂ ಮಾತೇ ಆಡದ ಒಬ್ಬಳು ಹೇಳಿದ ಮಾತು ನನ್ನ ಎದೆಗೆ ನಾಟಿತು. "ತೆಗಿ ಅಂದ್ರೆ ಮನೇಲಿ ಎಲ್ರೂ ಅದನ್ನೇ ಹಿಡ್ಕೋತಾರೆ ಮೇಡಂ. ದೊಡ್ಡೋರಿಗೆ ಏಕವಚನದಲ್ಲಿ ಮಾತಾಡಿದ್ಳು, ಬಾಯಿ ಜೋರು ಅಂತಾರೆ. ಅವರ ಕೈ ಎಲ್ಲಿತ್ತು ಅಂತ ಯಾರೂ ಕೇಳಲ್ಲ." ಹಾಲು ನಿಶ್ಶಬ್ದವಾಯಿತು. ಅವಳು ಹೇಳಿದ್ದು ಅಕ್ಷರಕ್ಷರ ನಿಜ. ಮಾವ, ಚಿಕ್ಕಪ್ಪ, ಅಣ್ಣ, ಸರ್: ನಮ್ಮ ನುಡಿಯಲ್ಲಿ ಯಾರನ್ನಾದರೂ ಕರೆಯೋಕೆ ಶುರು ಮಾಡಿದ ಕೂಡಲೇ ಒಂದು ನಂಟು ಬಂದು ಕೂರುತ್ತೆ. ಅದೆಷ್ಟು ಬೆಚ್ಚಗಿನದು ಅಂತ ನನಗೆ ಗೊತ್ತು. ಗುರುತಿಲ್ಲದ ಊರಿನಲ್ಲಿ "ಅಣ್ಣಾ, ಇದು ಎಲ್ಲಿಗೆ ಹೋಗೋ ಬಸ್ಸು" ಅಂದರೆ ಅರ್ಧ ಭಯ ಹೋಗುತ್ತೆ. ಅದೇ ನಂಟು ಕೆಟ್ಟವನ ಕೈಯಲ್ಲಿ ಬೀಗವಾಗುತ್ತೆ. ನಾನು "ಹೌದು ಮಾವ" ಅಂದಾಗ ನನ್ನ ಬಾಯಿಗೆ ಬಿದ್ದಿದ್ದು ಆ ಬೀಗ.

ಅವತ್ತಿನಿಂದ ಪ್ರತಿ ವಾರ ಕೊನೆಯ ಅರ್ಧ ಗಂಟೆ ವಾಕ್ಯಗಳ ಅಭ್ಯಾಸ ಮಾಡಿದೆವು. ಜೋಡಿಯಾಗಿ ನಿಲ್ಲೋದು. ಒಬ್ಬಳು ನೆಂಟ, ಒಬ್ಬಳು ಹುಡುಗಿ. "ಕೈ ತೆಗೀರಿ." "ಇಷ್ಟು ಹತ್ತಿರ ಕೂರಬೇಡಿ, ನಂಗೆ ಇಷ್ಟ ಇಲ್ಲ." "ನಾನು ಅಮ್ಮಂಗೆ ಹೇಳ್ತೀನಿ." ಸುಮ್ನೆ ಎದ್ದು ದೀಪ ಹಾಕೋದು, ಬಾಗಿಲು ಪೂರ್ತಿ ತೆರೆಯೋದು. ಬಸ್ಸಿನಲ್ಲಾದರೆ "ಯಾರಾದ್ರೂ ಬನ್ನಿ" ಅನ್ನುವ ಬದಲು ಒಬ್ಬರನ್ನೇ ಗುರುತು ಹಿಡಿದು ಕರೆಯೋದು: "ನೀಲಿ ಶರ್ಟಿನ ಅಣ್ಣ, ಇವರು ಮೈ ಮುಟ್ತಿದಾರೆ, ಸ್ವಲ್ಪ ಈ ಕಡೆ ಬನ್ನಿ." ಎಲ್ಲರನ್ನೂ ಕರೆದರೆ ಯಾರೂ ಬರುವುದಿಲ್ಲ, ಒಬ್ಬರನ್ನು ಕರೆದರೆ ಅವರು ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಮೇಷ್ಟ್ರು ನೆಂಟನ ಪಾತ್ರ ಮಾಡಲು ಒಪ್ಪಿದರು. "ಏನೇ ಪುಟ್ಟಿ, ಎಷ್ಟು ದೊಡ್ಡೋಳಾಗ್ಬಿಟ್ಟೆ" ಅಂತ ಅವರು ಹತ್ತಿರ ಬಂದ ಕೂಡಲೇ ಮೂರು ಹುಡುಗಿಯರ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಅಲ್ಲೇ ನಿಲ್ಲಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. ನನಗೆ ಇಬ್ಬರು ಹೆಣ್ಣುಮಕ್ಕಳು ಮೇಡಂ, ನಾನು ಇಷ್ಟು ದಿನ ಇದನ್ನ ಕಲಿಸೇ ಇಲ್ಲ ಅಂದರು.

ನಾವು ಮಾಡಿದ್ದು ಹೊಸದೇನಲ್ಲ ಅಂತ ಆಮೇಲೆ ತಿಳಿಯಿತು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ 893 ವಿದ್ಯಾರ್ಥಿನಿಯರ ಮೇಲೆ ಇಂಥದ್ದೊಂದು ತರಬೇತಿಯನ್ನು ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಮೂರು ಮೂರು ಗಂಟೆಯ ನಾಲ್ಕು ಪಾಠ, ಒಟ್ಟು 12 ಗಂಟೆ. ಅದರಲ್ಲಿ ಹೊಡೆದಾಟ ಕಲಿಸುವುದು ಒಂದು ಭಾಗ. ಉಳಿದದ್ದು ಗೊತ್ತಿರುವ ಗಂಡಸು ಗಡಿ ದಾಟುವುದನ್ನು ಗುರುತಿಸುವುದು, "ಅವರಿಗೆ ಬೇಜಾರಾಗುತ್ತೇನೋ" ಅನ್ನುವ ಅಳುಕನ್ನು ದಾಟುವುದು, ತನಗೆ ಏನು ಬೇಕು ಏನು ಬೇಡ ಅಂತ ತಾನೇ ತಿಳಿದುಕೊಳ್ಳುವುದು. ಒಂದು ವರ್ಷ ಬಿಟ್ಟು ನೋಡಿದರೆ, ಬರೀ ಕರಪತ್ರ ಕೊಟ್ಟ ಗುಂಪಿನಲ್ಲಿ ನೂರಕ್ಕೆ 9.8 ಹುಡುಗಿಯರು ಅತ್ಯಾಚಾರಕ್ಕೆ ಒಳಗಾಗಿದ್ದರು. ತರಬೇತಿ ಪಡೆದವರಲ್ಲಿ 5.2. ಅವರ ಜೀವನ ಬೇರೆ, ನಮ್ಮದು ಬೇರೆ. ಆದರೂ ಆ ಎರಡು ಅಂಕಿಗಳ ನಡುವೆ ಎಷ್ಟು ಹುಡುಗಿಯರು ಉಳಿದುಕೊಂಡರು ಅಂತ ಯೋಚಿಸಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಯಾಕೆ ಹೊಡೀಲಿಲ್ಲ ಅನ್ನೋರಿಗೆ

ಹುಡುಗಿಯರು ಜಾಸ್ತಿ ಕೇಳಿದ ಪ್ರಶ್ನೆ ಕಾನೂನಿನದು. "ನಾವು ಹೊಡೆದ್ರೆ ನಮ್ಮ ಮೇಲೇ ಕೇಸ್ ಹಾಕಲ್ವಾ?" ಒಂದು ವಾರ ಪರಿಚಯದ ವಕೀಲರೊಬ್ಬರನ್ನು ಕರೆಸಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್‌ಗಳು ಇದರ ಬಗ್ಗೆಯೇ ಇವೆ ಅಂತ ಅವರು ವಿವರಿಸಿದರು. ತನ್ನ ಮೈಯನ್ನು ಕಾಪಾಡಿಕೊಳ್ಳೋಕೆ ಎಷ್ಟು ಬೇಕೋ ಅಷ್ಟು ಬಲ ಬಳಸಿದರೆ ಅದು ಅಪರಾಧ ಆಗುವುದಿಲ್ಲ. ಅತ್ಯಾಚಾರ ಮಾಡುವ ಉದ್ದೇಶದಿಂದ ಮೈ ಮೇಲೆ ಬಿದ್ದವನು, ಆಸಿಡ್ ಎರಚೋಕೆ ಬಂದವನು ಆ ಹೊಡೆತಕ್ಕೆ ಸತ್ತರೂ 38ನೇ ಸೆಕ್ಷನ್ ಅವಳ ಪರ ನಿಲ್ಲುತ್ತೆ. ಆದರೆ ಅಪಾಯ ಮುಗಿದು ಅವನು ಓಡುತ್ತಿರುವಾಗ ಅಟ್ಟಿಸಿಕೊಂಡು ಹೋಗಿ ಹೊಡೆಯುವುದಕ್ಕೆ ಆ ರಕ್ಷಣೆ ಇಲ್ಲ. ಹಿಂದೆ ಬಿದ್ದು ಕಾಡುವುದು, ಬೇಡ ಅಂದರೂ ಫೋನು ಮೆಸೇಜು ಮಾಡುವುದು 78ನೇ ಸೆಕ್ಷನ್ನಿನಲ್ಲಿ ಅಪರಾಧ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ. ಸಹಾಯಕ್ಕೆ ಫೋನ್ ಮಾಡೋಕೆ 112, ಹೆಂಗಸರಿಗೆ 181, ಮಕ್ಕಳಾದರೆ 1098. ಹುಡುಗಿಯರು ನಂಬರುಗಳನ್ನು ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದುಕೊಂಡರು.

ಅವತ್ತು ಅವರಿಗೆ ಮಥುರಾ ಪ್ರಕರಣವನ್ನೂ ಹೇಳಿದೆ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಪೊಲೀಸರಿಂದಲೇ ಅತ್ಯಾಚಾರಕ್ಕೆ ಒಳಗಾದೆ ಅಂತ ದೂರು ಕೊಟ್ಟ ಆದಿವಾಸಿ ಹುಡುಗಿ. ಅವಳ ಮೈ ಮೇಲೆ ಗಾಯ ಇಲ್ಲ, ಅವಳು ಕೂಗಿಕೊಂಡಿಲ್ಲ, ಹಾಗಾಗಿ ಒಪ್ಪಿಗೆ ಇತ್ತು ಅಂತ ಸುಪ್ರೀಂ ಕೋರ್ಟು ಆರೋಪಿಗಳನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಅದನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. ದೇಶದ ತುಂಬ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ನಿರ್ಭಯಾ ಪ್ರಕರಣದ ನಂತರ 2013ರಲ್ಲಿ ಇನ್ನೊಂದು ಮಾತು ಸ್ಪಷ್ಟವಾಗಿ ಸೇರಿತು: ಹೆಣ್ಣು ಮೈಯಿಂದ ಪ್ರತಿಭಟಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವಳು ಒಪ್ಪಿದ್ದಳು ಅನ್ನುವ ಹಾಗಿಲ್ಲ.

ಇದನ್ನು ಹೇಳುವುದು ನನಗೆ ಬಹಳ ಮುಖ್ಯವಾಗಿತ್ತು. ಯಾಕೆಂದರೆ ತರಬೇತಿ ಕೊಡುವ ನಾವೇ ಗೊತ್ತಿಲ್ಲದೆ ಹುಡುಗಿಯರ ಮೇಲೆ ಹೊಸ ಹೊರೆ ಹಾಕಬಹುದು. "ಕರಾಟೆ ಕಲಿತಿದ್ದೆಯಲ್ಲ, ಆಗ ಯಾಕೆ ಹೊಡೀಲಿಲ್ಲ?" ಅಂತ ನಾಳೆ ಯಾರೋ ಕೇಳುತ್ತಾರೆ. ಮೊದಲು ಯಾಕೆ ಆ ಬಟ್ಟೆ ಹಾಕಿದ್ದೆ, ಯಾಕೆ ಆ ಹೊತ್ತಲ್ಲಿ ಹೋಗಿದ್ದೆ ಅಂತ ಇದ್ದ ಪಟ್ಟಿಗೆ ಇದೂ ಒಂದು ಸೇರುತ್ತೆ. ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರು ಮಾಡಿದ ಬ್ಲಾಂಕ್ ನಾಯ್ಸ್ ಬಳಗ ಈ ಪಟ್ಟಿಯ ವಿರುದ್ಧವೇ ಕೆಲಸ ಮಾಡುತ್ತಾ ಬಂದಿದೆ. ಕಿರುಕುಳ ಆದ ದಿನ ಹೆಂಗಸರು ತೊಟ್ಟಿದ್ದ ಬಟ್ಟೆಗಳನ್ನು ಅವರು ಸೇರಿಸಿಟ್ಟಿದ್ದಾರೆ. ಶಾಲೆಯ ಯೂನಿಫಾರ್ಮೂ ಇರುತ್ತೆ, ಸೀರೆಯೂ ಇರುತ್ತೆ. ಹೆಂಗಸರು ಪಾರ್ಕಿನಲ್ಲಿ ಒಟ್ಟಿಗೆ ಚಾಪೆ ಹಾಸಿ ಮಲಗುವ ಕಾರ್ಯಕ್ರಮವನ್ನೂ ಮಾಡುತ್ತಾರೆ. ಬೆನ್ನ ಹಿಂದೆ ಕಣ್ಣಿಡದೆ, ಬ್ಯಾಗು ಎದೆಗೆ ಒತ್ತದೆ, ಮರದ ಕೆಳಗೆ ನಿದ್ದೆ. ಇದನ್ನು ಹೇಳಿದಾಗ ಹುಡುಗಿಯರು "ನಾವೂ ಮಾಡೋಣ ಮೇಡಂ" ಅಂದರು. ಎಲ್ಲಿ ಅಂತ ಕೇಳಿದೆ. ಅರ್ಧ ನಿಮಿಷ ಯಾರೂ ಮಾತಾಡಲಿಲ್ಲ. ಒಬ್ಬಳಿಗೂ ಊರಲ್ಲಿ ಅಂಥ ಒಂದು ಜಾಗ ಹೊಳೆಯಲಿಲ್ಲ.

ತರಬೇತಿಗೆ ಹುಡುಗರನ್ನೂ ಸೇರಿಸಿಕೊಳ್ಳಬೇಕಿತ್ತಾ ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು. ಸೇರಿಸಿಕೊಳ್ಳಬೇಕು, ಬೇರೆ ಪಾಠಕ್ಕೆ. "ಕೈ ತೆಗೀರಿ" ಅನ್ನೋದನ್ನು ಹುಡುಗಿ ಎಷ್ಟು ಕಲಿತರೂ, ಕೈ ಇಡಬಾರದು ಅನ್ನೋದು ಅವಳು ಕಲಿಯಬೇಕಾದ ಪಾಠ ಅಲ್ಲ. ಮುಂದಿನ ವರ್ಷ ಅದಕ್ಕೂ ದಿನ ಕೇಳಿದ್ದೇನೆ.

ಅವರೆಕಾಳು

ಹಿಂದಿನ ಸಾಲಿನ ಹುಡುಗಿ ಹತ್ತನೇ ವಾರ ತರಗತಿ ಮುಗಿದ ಮೇಲೆ ಉಳಿದುಕೊಂಡಳು. ಬಳೆ ಹಾಕಿಕೊಳ್ಳುತ್ತಾ ಬೇಕು ಅಂತಲೇ ತಡ ಮಾಡಿದಳು. ನಾನು ಏನೂ ಕೇಳಲಿಲ್ಲ, ಬೆಂಚು ಎಳೆದು ಕೂತೆ. ಆ ದಿನ "ಆಮೇಲೆ" ಅನ್ನಲಿಲ್ಲ. ನಾಲ್ಕೂವರೆ ಬಸ್ಸು ಹೋಯಿತು, ಐದೂಕಾಲಿನದೂ ಹೋಯಿತು. ಆಮೇಲೆ ಏನೇನು ಆಯಿತು, ಯಾರ ಹತ್ತಿರ ಹೋದೆವು ಅನ್ನೋದು ಅವಳ ವಿಷಯ. ಅವಳು ಒಬ್ಬಳೇ ಹೋಗಲಿಲ್ಲ ಅನ್ನೋದನ್ನು ಮಾತ್ರ ಹೇಳುತ್ತೇನೆ.

ಆ ರಾತ್ರಿ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತಿದ್ದಳು. ಸೊಗಡಿನ ಕಾಯಿ, ಮನೆಯೆಲ್ಲ ಅದರ ವಾಸನೆ. ಅಮ್ಮನಿಗೆ ಈಗ 74. ಪಕ್ಕದಲ್ಲಿ ಕೂತು ನಾನೂ ಸುಲಿಯೋಕೆ ಶುರು ಮಾಡಿದೆ. ಹುಡುಗಿಯ ವಿಷಯ ಹೇಳುವ ಹಾಗಿರಲಿಲ್ಲ. ಸುಮ್ನೆ, ತೆಗಿ ತೆಗೀರಿ ಅಂತ ಹುಡುಗಿಯರು ವಾದ ಮಾಡಿದ್ದನ್ನು ಹೇಳಿದೆ. ಅಮ್ಮ ಕಾಯಿ ಸುಲಿಯುತ್ತಲೇ ಕೇಳಿದಳು. ಆಮೇಲೆ ಬಸ್ಸಿನಲ್ಲಿದ್ದದ್ದು ಯಾರು ಅಂತ ಹೇಳಿದೆ. ಅಮ್ಮನ ಬೆರಳು ನಿಂತವು. ಮೊರದಲ್ಲಿ ಒಂದು ಹುಳ ಹರಿಯುತ್ತಿತ್ತು, ಅದನ್ನು ಎತ್ತಿ ಆಚೆ ಹಾಕಿದಳು.

"ಗೊತ್ತಿತ್ತು ಕಣೆ" ಅಂದಳು. "ಅವತ್ತಿಂದ ನೀನು ಅವನು ಬಂದ್ರೆ ಕಾಫಿ ತಂದುಕೊಡೋದು ನಿಲ್ಲಿಸ್ದೆ. ಅದಕ್ಕೇ ನಾನೇ ತಂದ್ಕೊಡ್ತಿದ್ದೆ."

ನನಗೆ ಮಾತು ಹೊರಡಲಿಲ್ಲ. ಅಮ್ಮ ಮತ್ತೆ ಒಂದು ಕಾಯಿ ಬಿಡಿಸಿದಳು. ಸ್ವಲ್ಪ ಹೊತ್ತಾದ ಮೇಲೆ, ನನ್ನನ್ನು ನೋಡದೆ, ಎದುರಿನ ಗೋಡೆಯ ಕಡೆ ನೋಡುತ್ತಾ, "ತೆಗಿಯೋ ಕೈನ" ಅಂದಳು. ಮೆಲ್ಲಗೆ. ಆಮೇಲೆ ಇನ್ನೊಂದು ಸಲ, ಪಕ್ಕದ ಮನೆಯವರಿಗೆ ಕೇಳುವಷ್ಟು ಗಟ್ಟಿಯಾಗಿ. ಅವಳು ಅದನ್ನು ಯಾರಿಗೆ ಹೇಳುತ್ತಿದ್ದಳೋ, ಅದು ನಮ್ಮೂರಿನ ಮಾವನಿಗಿಂತ ಹಿಂದಿನ ಯಾರೋ ಇರಬೇಕು. ನಾನು ಕೇಳಲಿಲ್ಲ. ಮೊರ ಇನ್ನಷ್ಟು ಹತ್ತಿರ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತೆ.